ಬಾಲ ನೋಡಿ ಗುರುತಿಸಿ

ಇಂಡಿ, ಸಿಂದಗಿಯ ಕಡೆಗೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಗೆ ಕೃಷ್ಣೆ. ಬಯಲುಸೀಮೆಯ ಈ ಭಾಗದಲ್ಲಿ ದಟ್ಟ ಕಾಡಿಲ್ಲ. ಆದರೂ ದೋಣಿಯಲ್ಲೋ ಹರಿಗೋಲಿನಲ್ಲೋ ಹೊಳೆ ದಾಟುವಾಗ ದಂಡೆಯ ಮರಗಳತ್ತ ಕಣ್ಣು ಹಾಯಿಸಿದರೆ ಕೋತಿಗಳ ಹಿಂಡು ಕಂಡೀತು.

ನೆಲದ ಮೇಲಾದರೆ ಕೋತಿಯೇ ಮನುಷ್ಯನನ್ನು ಮೊದಲು ನೋಡಿಬಿಡುತ್ತದೆ. ಹೆದರಿ ಓಡುತ್ತದೆ, ಇಲ್ಲವೇ ಕೈಯಲ್ಲಿನ ಚೀಲಕ್ಕೇ ಬರುತ್ತದೆ! ನಡುವೆ ನೀರಿದ್ದರೆ ಇಬ್ಬರಿಗೂ ನೆಮ್ಮದಿ. ಮುಂಜಾನೆ ಮತ್ತು ಸಂಜೆ ಒಳ್ಳೆಯ ಹೊತ್ತು. ಸಂಜೆ ಅವು ಮಲಗಲು ಎತ್ತರದ ಮರ ಸೇರುತ್ತವೆ. ಕೋತಿಯನ್ನೇ ಹುಡುಕುತ್ತ ಕೂರಬಾರದು. ಗಾಳಿ ಇಲ್ಲದಾಗ ಅಲುಗಾಡುವ ಕೊಂಬೆಯನ್ನು ಹುಡುಕಬೇಕು.

ಕಂಡೊಡನೆ ಬಾಲ ನೋಡಬೇಕು. ಮೈಗಿಂತ ಉದ್ದದ ಬಾಲ, ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಹರಡಿದ ಕೂದಲು ಇದ್ದರೆ ಅದು ನಮ್ಮ ಬಾನೆಟ್ ಕೋತಿ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದರ ನೆಲೆ ಇಲ್ಲ. ಬಾಲ ಮೈಯ ಅರ್ಧದಷ್ಟೇ ಇದ್ದು ಹಿಂಭಾಗ ಕೆಂಪಗಿದ್ದರೆ ಅದು ಉತ್ತರದ ರೀಸಸ್ ಕೋತಿ. ಮುಖ ಕಪ್ಪಾಗಿದ್ದರೆ ಮುಸುವ; ಅದರ ಜಾತಿಯೇ ಬೇರೆ.

ಈ ಎರಡು ಕೋತಿಗಳ ನಡುವಿನ ಗಡಿಯನ್ನು ಹಿಂದೆ ಪಶ್ಚಿಮಕ್ಕೆ ತಪತಿ, ಪೂರ್ವಕ್ಕೆ ಗೋದಾವರಿ ಎಂದು ಗುರುತಿಸುತ್ತಿದ್ದರು. ಈಗ ಆ ಗೆರೆ ಅಳಿಸುತ್ತಿದೆ. ರೀಸಸ್ ದಕ್ಷಿಣಕ್ಕೆ ಹರಡಿ ಬಾನೆಟ್ ಕೋತಿಯ ಜಾಗ ಹಿಡಿಯುತ್ತಿದೆ ಎಂದು ಭಾರತೀಯ ವಿಜ್ಞಾನಿಗಳು 2011ರಲ್ಲಿ ವರದಿ ಮಾಡಿದರು. ಒಂದೂರಿನಲ್ಲಿ ಕಾಟ ಕೊಡುವ ಕೋತಿಗಳನ್ನು ಹಿಡಿದು ಲಾರಿಯಲ್ಲಿ ತಂದು ಇನ್ನೊಂದೂರಿನ ಬಳಿ ಬಿಟ್ಟರೆ ನದಿಯ ಗಡಿ ಎಲ್ಲಿ ಉಳಿದೀತು? ಗುಡಿ ಗುಡಿಯಲ್ಲೂ ಕಾಣುವ ಈ ಪ್ರಾಣಿಗೆ ಅಪಾಯವೇ ಎಂದು ಹಿರಿಯರು ನಕ್ಕಾರು. ಆದರೆ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಈಡಾಗಬಹುದಾದ ಜೀವಿಗಳ ಸಾಲಿನಲ್ಲಿದೆ.

ಹೀಗಾಗಿ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಒಬ್ಬ ವಿದ್ಯಾರ್ಥಿ ಕಂಡ ಬಾಲದ ಉದ್ದವೂ ಬರೆದಿಡಬೇಕಾದ ಸಂಗತಿ. ತಾರೀಖು, ಊರು, ಮರ, ಹಿಂಡಿನ ಎಣಿಕೆ, ಹೊಟ್ಟೆಗೆ ಅಂಟಿಕೊಂಡ ಮರಿಗಳೆಷ್ಟು – ನೋಟ್‌ಬುಕ್ಕಿನ ಅರ್ಧ ಪುಟ ಸಾಕು.

ಬಾಳೆಹಣ್ಣು ಎಸೆಯುವುದು ಮಾತ್ರ ಬೇಡ. ರುಚಿ ಕಂಡ ಹಿಂಡು ಮರುದಿನವೂ ದಂಡೆಯಲ್ಲಿ ಕಾಯುತ್ತದೆ. ದಿಟ್ಟಿಸಿ ನೋಡುವುದೂ ಅವುಗಳಿಗೆ ಬೆದರಿಕೆಯೇ. ಜೊತೆಗಿರುವ ತಂದೆ ತಾಯಿ ಹತ್ತುವ ಮುನ್ನವೇ ಮಕ್ಕಳಿಗೆ ಜೀವರಕ್ಷಕ ಜಾಕೆಟ್ ತೊಡಿಸಿ, ‘ಕೋತಿ ಕಂಡರೆ ಏಳಬೇಡಿ, ಕೂತಲ್ಲೇ ಬೆರಳು ತೋರಿಸಿ’ ಎಂದು ಹೇಳಿರಬೇಕು. ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆ ಹರಿಗೋಲು ತಡೆಯುವುದಿಲ್ಲ.