ಪಕ್ಕದ ಮನೆ ಎಂದರೆ ಯಾರ ಪಕ್ಕ?

ಮಕ್ಕಳೇ, ಮಂಗಳೂರಿನಿಂದ ಹೆದ್ದಾರಿ ಹಿಡಿದು ಉಡುಪಿ ಕಡೆಗೆ ಹೊರಟರೆ ಕೂಳೂರು, ಪಣಂಬೂರು, ಬೈಕಂಪಾಡಿ ಒಂದರ ಹಿಂದೆ ಒಂದು ಬರುತ್ತವೆ. ಒಂದು ಚೀಟಿಯಲ್ಲಿ 'ಉಡುಪಿ ದಾರಿಯಲ್ಲಿ ಮುಂದಿನ ಊರಿಗೆ ಬಾ' ಎಂದಷ್ಟೇ ಬರೆದಿದೆ ಎನ್ನಿ. ಯಾವ ಊರು? ಕೂಳೂರಿನವರು ಬರೆದಿದ್ದರೆ ಪಣಂಬೂರು. ಪಣಂಬೂರಿನವರು ಬರೆದಿದ್ದರೆ ಬೈಕಂಪಾಡಿ. ಮಾತು ಒಂದೇ, ಊರು ಬೇರೆ. ನೀವು ಎಲ್ಲಿ ಕೂತು ಓದಿದರೂ ಲೆಕ್ಕ ಶುರುವಾಗುವುದು ಬರೆದವರ ಊರಿನಿಂದಲೇ.

ಕಂಪ್ಯೂಟರಿನೊಳಗೂ ಇಂಥ ಚೀಟಿಗಳಿವೆ. ಮೊದಲು ಜಾವಾಸ್ಕ್ರಿಪ್ಟ್ ಭಾಷೆ ಹೆಚ್ಚಾಗಿ ಬ್ರೌಸರಿನಲ್ಲೇ ಓಡುತ್ತಿತ್ತು. ಅದನ್ನು ಸರ್ವರಿನಲ್ಲಿ, ಅಂದರೆ ವೆಬ್‌ಸೈಟುಗಳನ್ನು ನಮಗೆ ಕಳುಹಿಸಿಕೊಡುವ ಕಂಪ್ಯೂಟರಿನಲ್ಲಿ, ಓಡಿಸಲು ರಯಾನ್ ಡಾಲ್ ಎಂಬವರು 2009ರಲ್ಲಿ 'ನೋಡ್ ಜೆಎಸ್' ತಯಾರಿಸಿದರು. ದೊಡ್ಡ ಪ್ರೋಗ್ರಾಮನ್ನು ಹಲವು ಫೈಲುಗಳಾಗಿ ಮಾಡಿ ಫೋಲ್ಡರುಗಳಲ್ಲಿ ಇಡುತ್ತಾರೆ. ಒಂದು ಫೈಲಿಗೆ ಇನ್ನೊಂದರ ನೆರವು ಬೇಕಾದರೆ ಅದರ ವಿಳಾಸ ಬರೆಯಬೇಕು.

'./ಲೆಕ್ಕ.ಜೆಎಸ್' ಎಂದು ಒಂದು ಚುಕ್ಕೆ, ಒಂದು ಓರೆಗೆರೆ ಹಾಕಿ ಬರೆದರೆ, 'ನಾನಿರುವ ಫೋಲ್ಡರಿನಲ್ಲೇ ಹುಡುಕು' ಎಂದರ್ಥ. ಎರಡು ಚುಕ್ಕೆ ಹಾಕಿ '../' ಎಂದರೆ, 'ಈ ಫೋಲ್ಡರಿನಿಂದ ಹೊರಗೆ ಬಂದು, ಅದನ್ನು ಇಟ್ಟಿರುವ ಫೋಲ್ಡರಿನಲ್ಲಿ ಹುಡುಕು' ಎಂದರ್ಥ. ಇಲ್ಲಿ 'ನಾನು' ಯಾರು? ವಿಳಾಸ ಬರೆದ ಫೈಲು. ನೀವು ಯಾವ ಫೋಲ್ಡರಿನಲ್ಲಿ ನಿಂತು ಪ್ರೋಗ್ರಾಮು ಶುರು ಮಾಡಿದಿರಿ ಎಂಬುದನ್ನು ನೋಡ್ ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದರಿಂದ ಏನು ಲಾಭ? ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಅನೇಕ ಕುಟುಂಬಗಳು ಮನೆ, ಗದ್ದೆ ಬಿಟ್ಟುಕೊಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆ ನೆಲೆಸಿದವು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಊರು ಬಿಟ್ಟ ಎರಡು ಮನೆಯವರು ಹೊಸ ಜಾಗದಲ್ಲೂ ಅಕ್ಕಪಕ್ಕವೇ ಮನೆ ಕಟ್ಟಿದರೆ, 'ಪಕ್ಕದ ಮನೆ' ಎಂಬ ಮಾತು ಅಲ್ಲೂ ನಿಜವೇ. ಒಬ್ಬರು ಮಾತ್ರ ಹೋದರೆ ಆ ಮಾತು ಸುಳ್ಳಾಗುತ್ತದೆ.

ಫೈಲುಗಳೂ ಹಾಗೆಯೇ. ಇಡೀ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಶಾಲೆಗೆ ಒಯ್ದರೆ ಚುಕ್ಕೆಯ ವಿಳಾಸಗಳು ಸರಿಯಾಗಿಯೇ ಇರುತ್ತವೆ. ಒಂದೇ ಫೈಲನ್ನು ಎತ್ತಿ ಬೇರೆ ಕಡೆ ಇಟ್ಟರೆ ನೋಡ್ 'ಸಿಗಲಿಲ್ಲ' ಎಂದು ನಿಂತುಬಿಡುತ್ತದೆ. ನಮಗೆ ಮನೆ ಸಿಗದಿದ್ದರೆ ಅಂಗಡಿಯವರನ್ನು ಕೇಳುತ್ತೇವೆ. ನೋಡ್ ಯಾರನ್ನು ಕೇಳೀತು? ಆದ್ದರಿಂದ ಫೈಲಿನ ಜಾಗ ಬದಲಾಯಿಸಿದವರೇ ವಿಳಾಸವನ್ನೂ ತಿದ್ದಬೇಕು.

ಈಗ ಒಂದು ಲೆಕ್ಕ. 'ಮನೆ' ಎಂಬ ಫೋಲ್ಡರಿನೊಳಗೆ 'ಅಡುಗೆ', 'ಜಗಲಿ' ಎಂಬ ಎರಡು ಫೋಲ್ಡರುಗಳಿವೆ. ಅಡುಗೆಯಲ್ಲಿರುವ ಫೈಲಿಗೆ ಜಗಲಿಯಲ್ಲಿರುವ 'ಚಾಪೆ.ಜೆಎಸ್' ಬೇಕು. ಯಾವ ವಿಳಾಸ ಬರೆಯಬೇಕು? ಅಜ್ಜನ ಜೊತೆ ಕೂತು ಬಿಡಿಸಿ, ಆಮೇಲೆ ಕೆಳಗೆ ನೋಡಿ.

ಉತ್ತರ: ../ಜಗಲಿ/ಚಾಪೆ.ಜೆಎಸ್