ಛದ್ಮವೇಷಕ್ಕೆ ಬಾಡಿಗೆ ಏಕೆ? ಟ್ರಂಕು ತೆಗೆಯಿರಿ



ಶ್ರಾವಣ ಬಂತೆಂದರೆ ಹಬ್ಬಗಳ ಸಾಲಿನ ಜೊತೆಗೆ ತಾಯಂದಿರಿಗೆ ಇನ್ನೊಂದು ಪರೀಕ್ಷೆಯೂ ಶುರುವಾಗುತ್ತದೆ. ಅದೇ ಛದ್ಮವೇಷ! ಆಗಸ್ಟ್ 15ಕ್ಕೆ ಒಂದು, ಕೃಷ್ಣಾಷ್ಟಮಿಗೆ ಒಂದು, ಗಣಪತಿ ಪೆಂಡಾಲಿನಲ್ಲಿ ಒಂದು, ನವೆಂಬರ್ 1ರ ರಾಜ್ಯೋತ್ಸವಕ್ಕೆ ಒಂದು, 14ರ ಮಕ್ಕಳ ದಿನಾಚರಣೆಗೆ ಮತ್ತೊಂದು. ಶಾಲೆಯವರು ವಾರ ಮುಂಚೆಯೇ ತಿಳಿಸಿರುತ್ತಾರೆ, ಸುಳ್ಳು ಹೇಳಬಾರದು. ಆದರೆ ಮಗರಾಯ ಅದನ್ನು ನಮ್ಮ ಕಿವಿಗೆ ಹಾಕುವುದು ಹಿಂದಿನ ರಾತ್ರಿ, ಸಾರನ್ನ ಕಲಸುತ್ತಾ. “ಅಮ್ಮಾ, ನಾಳೆ ನಾನು ವಿವೇಕಾನಂದ ಆಗ್ಬೇಕಂತೆ!”

ಮಕ್ಕಳದಷ್ಟೇ ಸಾಲದೆಂದು ಈಗ ದೊಡ್ಡವರನ್ನೂ ಎಳೆದಿದ್ದಾರೆ. ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಕಳೆದ ವರ್ಷ ‘ಮನೆಮಂದಿಯ ವೇಷ’ ಅಂತ ಹೊಸ ಸ್ಪರ್ಧೆ ಇಟ್ಟರು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಒಂದು ಮನೆಯವರೆಲ್ಲ ವೇದಿಕೆ ಹತ್ತಬೇಕು. ಸುದ್ದಿ ಕೇಳಿದ್ದೇ ತಡ, ನಮ್ಮವರು ಆ ದಿನ ಆಫೀಸಿನಲ್ಲಿ ಆಡಿಟ್ ಇದೆ ಎಂದುಬಿಟ್ಟರು. ಅಂದು ಭಾನುವಾರ!

ಇದನ್ನೆಲ್ಲ ಬರೆಯಲು ಕಾರಣ ಒಬ್ಬ ಸೋದರಿಯ ಕಾಗದ. “ಮಗಳಿಗೆ ಕಿತ್ತೂರು ಚೆನ್ನಮ್ಮ, ಮಗನಿಗೆ ಕೃಷ್ಣ. ಎರಡು ವೇಷಕ್ಕೆ ಬಾಡಿಗೆ 1,200 ರೂಪಾಯಿ ಕೊಟ್ಟೆ. ಗ್ಯಾಸ್ ಸಿಲಿಂಡರಿಗೆಂದು ತೆಗೆದಿಟ್ಟಿದ್ದ ದುಡ್ಡು ಅದು. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಸಲ ಮತ್ತೆ ಬಂದಿದೆ, ಏನು ಮಾಡಲಿ?” ಎಂದು ಕೇಳಿದ್ದಾರೆ. ತಂಗೀ, ಮೊದಲು ಮನೆಯಲ್ಲಿ ಹೇಳಿಬಿಡಿ. ಸ್ವಲ್ಪ ಮಾತು ಬರುತ್ತದೆ, ಬರಲಿ. ಬಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ ವಾಸಿ. ಆಮೇಲೆ ಈ ಸಲದ ವೇಷವನ್ನು ನಾವಿಬ್ಬರೂ ಸೇರಿ ನಿಮ್ಮ ಮನೆಯ ಟ್ರಂಕಿನಿಂದಲೇ ತೆಗೆಯೋಣ.

ಬಾಡಿಗೆ ವೇಷದ ರುಚಿ ನಾನೂ ನೋಡಿದವಳೇ. ದೊಡ್ಡವಳು ಒಂದನೆಯ ಕ್ಲಾಸಿನಲ್ಲಿದ್ದಾಗ ತಂದಿದ್ದೆ. ಯಾರ್ಯಾರದೋ ಬೆವರಿನ ವಾಸನೆ, ಕಂಕುಳಲ್ಲಿ ಚುಚ್ಚುವ ಜರಿ, ಎರಡು ಹೆಜ್ಜೆಗೊಮ್ಮೆ ಕಣ್ಣಿನ ಮೇಲೆ ಜಾರುವ ಕಿರೀಟ. ಬೆನ್ನಿಗೆ ಹನ್ನೊಂದು ಹುಕ್ಕು! ಮಗು ಬಚ್ಚಲಿಗೆ ಹೋಗಬೇಕು ಅಂದಾಗ ಟೀಚರಿಗೆ ಅವನ್ನು ಬಿಚ್ಚಲಾಗಲಿಲ್ಲ. ಮುಂದಿನದು ನೀವೇ ಊಹಿಸಿಕೊಳ್ಳಿ. ವಾಪಸು ಕೊಡಲು ಹೋದರೆ ಒಂದು ಮುತ್ತು ಬಿದ್ದಿದೆ ಅಂತ ಅಂಗಡಿಯಾತ ಅಡ್ವಾನ್ಸಿನಲ್ಲಿ ನೂರು ರೂಪಾಯಿ ಹಿಡಿದುಕೊಂಡ.

ಅವತ್ತೇ ಇನ್ನೊಂದು ಗಮನಿಸಿದೆ. ವೇದಿಕೆಯ ಮೇಲೆ ಚೆನ್ನಮ್ಮ, ಓಬವ್ವ, ಝಾನ್ಸಿ ರಾಣಿ ಮೂವರೂ ಇದ್ದರು. ಮೂವರಿಗೂ ಒಂದೇ ಕೆಂಪು ಸ್ಯಾಟಿನ್ ಉಡುಪು, ಒಂದೇ ಕಿರೀಟ. ಅಂಗಡಿಯಲ್ಲಿ ಇರುವುದೇ ಅಷ್ಟು. ಆದ್ದರಿಂದ ಬಟ್ಟೆ ಹುಡುಕುವ ಮೊದಲು ಆ ವ್ಯಕ್ತಿ ಯಾರು, ಏನು ಕೆಲಸ ಮಾಡಿದರು, ಕೈಯಲ್ಲಿ ಏನಿತ್ತು ಅಂತ ಮಗುವನ್ನು ಕೂರಿಸಿಕೊಂಡು ಮಾತಾಡಿ. ಗುರುತು ಹಿಡಿಯಲು ಒಂದೇ ಒಂದು ವಸ್ತು ಸಾಕು. ಉಳಿದದ್ದು ಮನೆಯಲ್ಲೇ ಇರುತ್ತದೆ.

ಓಬವ್ವನನ್ನೇ ತೆಗೆದುಕೊಳ್ಳಿ. ನಮ್ಮ ವಯಸ್ಸಿನವರಿಗೆ ಓಬವ್ವ ಅಂದರೆ 1972ರ ‘ನಾಗರಹಾವು’ ಚಿತ್ರದ ಜಯಂತಿಯವರೇ ಕಣ್ಣ ಮುಂದೆ ಬರುತ್ತಾರೆ. 2021ರಿಂದ ಸರ್ಕಾರವೂ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಆಕೆ ರಾಣಿಯಲ್ಲ, ಚಿತ್ರದುರ್ಗದ ಕೋಟೆ ಕಾಯುವವನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದವಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಕೈಗೆ ಸಿಕ್ಕಿದ್ದು ಒನಕೆ. ಅಂಥವಳಿಗೆ ಕಿರೀಟ, ಡಾಬು ಯಾಕೆ ಬೇಕು, ನೀವೇ ಹೇಳಿ? ಹಳೆಯ ಹತ್ತಿ ಸೀರೆ ಅರ್ಧಕ್ಕೆ ಮಡಿಚಿ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ಅಗಲ ಕುಂಕುಮ, ಕೈತುಂಬ ಹಸಿರು ಬಳೆ. ಒನಕೆಗೆ ಬಟ್ಟೆ ಅಂಗಡಿಯವರನ್ನು ಕೇಳಿ. ಥಾನು ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಪುಕ್ಕಟೆ ಕೊಡುತ್ತಾರೆ. ಅದಕ್ಕೆ ಕಂದು ಕಾಗದ ಅಂಟಿಸಿ, ಒಂದು ತುದಿಗೆ ಕಬ್ಬಿಣದ ಬಳೆಯಂತೆ ಕಪ್ಪು ಪಟ್ಟಿ ಸುತ್ತಿದರೆ ಮುಗಿಯಿತು. ನಿಜವಾದ ಒನಕೆ ಖಂಡಿತ ಬೇಡ. ಪಕ್ಕದ ಗಾಂಧೀಜಿಯ ಕಾಲಿನ ಮೇಲೆ ಬಿದ್ದರೆ ಕಷ್ಟ!

ಚೆನ್ನಮ್ಮ ಮಾತ್ರ ರಾಣಿಯೇ. 1824ರಲ್ಲಿ ಬ್ರಿಟಿಷರ ಮೇಲೆ ಕತ್ತಿ ಎತ್ತಿದವಳು. ಅವಳಿಗೆ ಇಳಕಲ್ ಸೀರೆಯ ಸೆರಗು, ರಟ್ಟಿನ ಕತ್ತಿ. ರಟ್ಟಿಗೆ ಬೀರುವಿನ ಮೂಲೆಯಲ್ಲಿರುವ ಮದುವೆ ಕರೆಯೋಲೆಗಳನ್ನು ತೆಗೆಯಿರಿ. ಆ ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು, ಗಂಟಾಗದಂತೆ ಕಲಸಿ ಸಣ್ಣ ಉರಿಯಲ್ಲಿ ತಿರುವಿ. ಗಂಜಿಯಂತೆ ಹೊಳಪು ಬಂದಾಗ ಇಳಿಸಿ. ಗೋಡೆಗೆ ಪೋಸ್ಟರ್ ಅಂಟಿಸುವವರು ಹುಳು ಬಾರದಂತೆ ಮೈಲುತುತ್ತ ಹಾಕುವುದುಂಟು. ಮಕ್ಕಳ ಕೈ ಬಾಯಿಗೆ ಹೋಗುತ್ತದೆ, ಅದು ವಿಷ, ಹಾಕಬೇಡಿ.

ಒಂದು ಕಾಸೂ ಖರ್ಚಿಲ್ಲದ ವೇಷ ಬೇಕೆ? ಸಾವಿತ್ರಿಬಾಯಿ ಫುಲೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಾಗ, ದಾರಿಯಲ್ಲಿ ಜನ ಆಕೆಯ ಮೇಲೆ ಕೆಸರು ಸೆಗಣಿ ಎರಚುತ್ತಿದ್ದರು. ಶಾಲೆಗೆ ಹೋಗಿ ಉಡಲು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಮಗಳಿಗೆ ತುಂಬುತೋಳಿನ ರವಿಕೆ, ಸಾದಾ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ಮೈಕಿನ ಮುಂದೆ ಚೀಲದಿಂದ ಆ ಎರಡನೆಯ ಸೀರೆ ತೆಗೆದು ತೋರಿಸಿ, ಯಾಕೆ ತಂದೆ ಅಂತ ಒಂದು ಮಾತು ಹೇಳಿದರೆ ಸಾಕು. ಎದುರು ಮನೆಯ ಹುಡುಗಿ ಹೀಗೇ ಮಾಡಿದಳು. ಮುಂದಿನ ಸಾಲಿನಲ್ಲಿ ಚಕ್ಕುಲಿ ಕಡಿಯುತ್ತಿದ್ದವರ ಬಾಯಿ ನಿಂತುಹೋಯಿತು.

ಗಂಡುಮಕ್ಕಳಿಗೆ ನನ್ನ ಆಯ್ಕೆ ಸರ್ ಎಂ. ವಿಶ್ವೇಶ್ವರಯ್ಯನವರು. 1861ರ ಸೆಪ್ಟೆಂಬರ್ 15 ಅವರ ಜನ್ಮದಿನ. ಗಣಪತಿ ಹಬ್ಬವೂ ಎಷ್ಟೋ ವರ್ಷ ಆ ಸುಮಾರಿಗೇ ಬರುತ್ತದೆ. ತಾತನ ಕಪ್ಪು ಕೋಟಿನ ತೋಳು ಒಳಗೆ ಮಡಿಚಿ ಹೊಲಿಯಿರಿ, ಕತ್ತರಿಸಬೇಡಿ. ಗಾಜು ತೆಗೆದ ಹಳೆಯ ಕನ್ನಡಕ, ಕಂಕುಳಲ್ಲಿ ಅಣೆಕಟ್ಟಿನ ನಕ್ಷೆಯೆಂದು ಸುತ್ತಿದ ಡ್ರಾಯಿಂಗ್ ಕಾಗದ. ಕಷ್ಟವೆನಿಸುವುದು ಮೈಸೂರು ಪೇಟ. ಅದಕ್ಕೂ ಉಪಾಯವಿದೆ. ಮಗುವಿನ ತಲೆಯಷ್ಟು ಅಗಲದ ಪಾತ್ರೆ ಬೋರಲು ಹಾಕಿ, ಅದರ ಮೇಲೆ ಹಳೆಯ ಬಟ್ಟೆ ಟೋಪಿ ಕೂರಿಸಿ. ಜರಿ ಅಂಚಿನ ಪಂಚೆಯನ್ನು ಉದ್ದಕ್ಕೆ ನಾಲ್ಕು ಬೆರಳಗಲ ಮಡಿಚಿಕೊಳ್ಳಿ, ಅಂಚು ಹೊರಗೆ ಕಾಣುತ್ತಿರಲಿ. ಹಣೆಯ ಹತ್ತಿರ ಪ್ರತಿ ಸುತ್ತನ್ನೂ ಕೆಳಗಿನದಕ್ಕಿಂತ ಒಂದಿಷ್ಟು ಮೇಲೆ, ಓರೆಯಾಗಿ ತನ್ನಿ. ಸುತ್ತುಸುತ್ತಿಗೂ ಟೋಪಿಗೆ ದಾರ ಹಾಕಿ ಹಿಡಿಸುತ್ತಾ ಹೋದರೆ ಬಿಚ್ಚುವ ಭಯವಿಲ್ಲ, ಟೋಪಿಯಂತೆ ಹಾಕಿ ತೆಗೆಯಬಹುದು. ಹಬ್ಬ ಮುಗಿದ ಮೇಲೆ ದಾರ ಬಿಚ್ಚಿದರೆ ಪಂಚೆ ಪಂಚೆಯೇ. ನಾಳೆ ಬೆಳಿಗ್ಗೆಯೇ ವಿವೇಕಾನಂದ ಆಗಬೇಕಾದ ಮಗರಾಯನಿಗೂ ಇದೇ ಕ್ರಮ, ಪಂಚೆಯ ಬದಲು ನಿಮ್ಮ ಕಿತ್ತಳೆ ಬಣ್ಣದ ದುಪಟ್ಟಾ.

ಈ ಪೇಟದ ವಿದ್ಯೆ ನಾನು ಕಲಿತದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ನಾಚಿಕೆಯಾದರೂ ಚಿಂತೆಯಿಲ್ಲ. ಒಂದು ವರ್ಷ ಏನೂ ತೋಚದೆ ಮಗನಿಗೆ ‘ಕೂಲಿಯವನು’ ಎಂದು ವೇಷ ಹಾಕಿದ್ದೆ. ಹರಿದ ಬನಿಯನ್, ಮುಖಕ್ಕೆ ಮಸಿ, ತಲೆಗೆ ಸಿಂಬಿ. ಎಲ್ಲರೂ ನಕ್ಕರು, ಎರಡನೆಯ ಬಹುಮಾನವೂ ಬಂತು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಅವಳ ಗಂಡ ಮಂಡಿಯಲ್ಲಿ ಮೂಟೆ ಹೊರುವವನು. ಅವಳ ಮಗನೂ ಅದೇ ಕ್ಲಾಸು, ಮೈಮೇಲೆ ನನ್ನ ಮಗನ ಹಳೆಯ ಅಂಗಿ. ಮಾರನೆಯ ದಿನ ಪಾತ್ರೆ ತೊಳೆಯುತ್ತಾ, ನಗುತ್ತಲೇ ಅಂದಳು, “ನಮ್ ಹುಡುಗ ಅಂಗೇ ಓಗಿದ್ರೂ ಆಗ್ತಿತ್ತು ಬುಡಕ್ಕಾ, ವೇಸವೇ ಬೇಡ.”

ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಲೋಟ ಕೊಟ್ಟು ಒಳಗೆ ಬಂದುಬಿಟ್ಟೆ. ಬಹುಮಾನದ ಸ್ಟೀಲ್ ಡಬ್ಬಿ ಶೆಲ್ಫಿನಲ್ಲಿತ್ತು, ಅದರ ಕಡೆ ನೋಡಲು ಮನಸ್ಸಾಗಲಿಲ್ಲ.

ಮುಂದಿನ ವರ್ಷ ರಾಜ್ಯೋತ್ಸವಕ್ಕೆ ಹದಿನೈದು ದಿನ ಮುಂಚೆ ನಾನೇ ಅವಳನ್ನು ಕೇಳಿದೆ, ಇಬ್ಬರಿಗೂ ಸೇರಿಸಿ ಹೊಲಿಯೋಣವೇ ಅಂತ. ಅವಳು ತಕ್ಷಣ ಹೂಂ ಅನ್ನಲಿಲ್ಲ. ಎರಡು ದಿನ ಬಿಟ್ಟು ತನ್ನ ಮಾವನ ಜರಿ ಪಂಚೆ ತಂದುಕೊಟ್ಟಳು. ನಮ್ಮ ಮಾವನವರ ಕೋಟಿತ್ತು. ಪೇಟ ಸುತ್ತಿದವಳು ಅವಳೇ, ಅವಳಪ್ಪ ಜಾತ್ರೆಗೆ ರುಮಾಲು ಸುತ್ತುತ್ತಿದ್ದರಂತೆ. ನಾನು ದಾರ ಹಾಕಿದೆ. ಅವಳ ಹುಡುಗ ವಿಶ್ವೇಶ್ವರಯ್ಯ ಆದ, ನಮ್ಮವನು ಪೋಸ್ಟ್‌ಮ್ಯಾನ್. ಯಾರಿಗೂ ಬಹುಮಾನ ಬರಲಿಲ್ಲ. ಆ ಹುಡುಗ ಮಾತ್ರ ರಾತ್ರಿ ಮಲಗುವವರೆಗೂ ಪೇಟ ತೆಗೆಯಲಿಲ್ಲವಂತೆ. ಇಂದಿಗೂ ಭಿಕ್ಷುಕ, ಹುಚ್ಚ, ಕೂಲಿ ಅಂತ ಯಾರಾದರೂ ಸಲಹೆ ಕೇಳಿದರೆ ನಾನು ಪೋಸ್ಟ್‌ಮ್ಯಾನ್ ಅನ್ನುತ್ತೇನೆ. ಖಾಕಿ ಅಂಗಿ, ಹೆಗಲಿಗೆ ಚೀಲ, ಅಜ್ಜಿಗೊಂದು ಕಾಗದ. ಸಭೆಯಲ್ಲಿ ಕೂತ ಅಜ್ಜಿಗೇ ಕೊಟ್ಟರಂತೂ ಚಪ್ಪಾಳೆಯೋ ಚಪ್ಪಾಳೆ.

ಮುದ್ದುಕೃಷ್ಣನ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಹಳದಿ ದುಪಟ್ಟಾದ ಕಚ್ಚೆಯನ್ನು ಚಡ್ಡಿಯ ಮೇಲೆ ಕಟ್ಟಿ, ನವಿಲುಗರಿಯನ್ನು ಹೇರ್‌ಬ್ಯಾಂಡಿಗೆ ಸಿಕ್ಕಿಸಿ, ಪುಟ್ಟ ಕುಡಿಕೆಯಲ್ಲಿ ಬೆಣ್ಣೆಯ ಬದಲು ಹತ್ತಿ ತುಂಬಿ. ಬೇಡವಾದದ್ದು ನೀಲಿ ಬಣ್ಣ. ಉಡುಪಿ, ಮಂಗಳೂರಿನ ಹುಲಿವೇಷದವರು ಗಂಟೆಗಟ್ಟಲೆ ನಿಂತು ಮೈತುಂಬ ಬಣ್ಣ ಬಳಿಸಿಕೊಳ್ಳುತ್ತಾರೆ. ಅದು ಪಳಗಿದವರ ಕೆಲಸ. ಎಳೆಯ ಚರ್ಮಕ್ಕೆ ಹೋಳಿ ಬಣ್ಣ, ಚಿನ್ನದ ಪೇಂಟು ಎರಡೂ ತಗುಲಬಾರದು. ಮೂರು ವರ್ಷದೊಳಗಿನ ಮಗುವಿಗೆ ಬಿಡಿ ಮಣಿಗಳ ಸರವೂ ಬೇಡ, ದಾರ ಹರಿದರೆ ಮಣಿ ನೇರ ಬಾಯಿಗೆ. ಚಿನ್ನದ ಸರ? ಅಷ್ಟು ಜನಜಂಗುಳಿಯಲ್ಲಿ ನಿಮಗೆ ವೇಷ ನೋಡುವ ಸಂತೋಷವಾದರೂ ಬೇಡವೇ!

ಇನ್ನು ಮನೆಮಂದಿಯ ವೇಷ. ನಮ್ಮತ್ತೆಯವರಿಗೆ ಏನು ಹಾಕುವುದೆಂದು ಯೋಚಿಸುತ್ತಿದ್ದಾಗ ಅವರೇ ಅಂದರು, “ನಂಗೆ ಏನೂ ಬೇಡ ಕಣೆ, ಒಂದು ಸಸಿ ಕೊಡು, ತಿಮ್ಮಕ್ಕ ಆಗ್ತೀನಿ.” ಎಷ್ಟು ಸುಲಭ! ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕನವರಿಗೆ ಮಕ್ಕಳಿರಲಿಲ್ಲ. ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಗಂಡನ ಜೊತೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 385 ಮರಗಳು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು, ಮಕ್ಕಳ ದಿನದಂದೇ ತೀರಿಕೊಂಡರು. ಅತ್ತೆಯವರು ತಮ್ಮ ದಿನನಿತ್ಯದ ಸೀರೆಯಲ್ಲೇ ಬಂದು, ಹಾಲಿನ ಪ್ಯಾಕೆಟ್ಟಿನಲ್ಲಿ ಬೆಳೆಸಿದ ಸಸಿ ಹಿಡಿದು ನಿಂತರು. ಮಗಳು ಕೊಡ ಹೊತ್ತಳು. ಮಗ ಸಾಲಿನ ಮೊದಲ ಮರವಾದ, ಹಸಿರು ಬೆಡ್‌ಶೀಟು, ಅದಕ್ಕೆ ಪಿನ್ನು ಹಾಕಿದ ಹಲಸಿನೆಲೆ. ‘ಆಡಿಟ್’ ಮುಗಿಸಿ ಬಂದ ನಮ್ಮವರಿಗೆ ಎರಡನೆಯ ಮರದ ಪಾತ್ರ. ಮಾತಿಲ್ಲ, ಅಲ್ಲಾಡುವಂತಿಲ್ಲ. ಬಹಳ ಚೆನ್ನಾಗಿ ಮಾಡಿದರು! ಐದು ಜನಕ್ಕೆ ಒಟ್ಟು ಖರ್ಚು ಪಿನ್ನಿನ ಡಬ್ಬಿ, ಹಸಿರು ಕಾಗದ ಸೇರಿ 65 ರೂಪಾಯಿ.

ಕಡೆಯದಾಗಿ ಎರಡು ಮಾತು. ವೇಷವನ್ನು ಹಿಂದಿನ ಸಂಜೆಯೇ ಒಮ್ಮೆ ಹಾಕಿಸಿ ನೀರು ಕುಡಿಯಲು, ಕೂರಲು, ಬಚ್ಚಲಿಗೆ ಹೋಗಲು ಹೇಳಿ. ಎಲ್ಲಿ ಬಿಗಿಯುತ್ತದೋ ಆಗಲೇ ಗೊತ್ತಾಗುತ್ತದೆ. ದೀಪ, ಮಂಗಳಾರತಿ ಇರುವ ಕಡೆ ನೈಲಾನ್, ಸ್ಯಾಟಿನ್ ಬದಲು ಹತ್ತಿ ಬಟ್ಟೆಯೇ ಇರಲಿ, ಸೆರಗು ಇಳಿಬೀಳದಿರಲಿ. ಮೀಸೆಯನ್ನು ಕಾಡಿಗೆಯಲ್ಲಿ ಬೆಂಕಿಕಡ್ಡಿಯಿಂದ ಬರೆದರೆ ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಗಡ್ಡವನ್ನು ಗೋಂದಿನಿಂದ ಅಂಟಿಸದೆ, ಬಿಳಿ ಬಟ್ಟೆಗೆ ಹತ್ತಿ ಹೊಲಿದು ಎಲಾಸ್ಟಿಕ್‌ನಿಂದ ಕಿವಿಗೆ ಸಿಕ್ಕಿಸಿ.

ಮತ್ತೆ, ಎಷ್ಟು ಪಿನ್ನು ಹಾಕಿದಿರಿ ಅಂತ ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ವೇಷ ಕಳಚಿದ ಮೇಲೆ ಹನ್ನೆರಡಕ್ಕೆ ಹನ್ನೆರಡೂ ಡಬ್ಬಿಗೆ ಬರಬೇಕು. ನಮ್ಮ ಮನೆಯಲ್ಲಿ ಹನ್ನೊಂದೇ ಬಂದವು. ಉಳಿದ ಒಂದು ಸಿಕ್ಕಿದ್ದು ಮೂರು ದಿನದ ಮೇಲೆ, ಆ ಬೆಡ್‌ಶೀಟು ಹಾಸಿಕೊಂಡು ಮಲಗಿದ ನಮ್ಮವರಿಗೆ!