ಎರಡು ತಾಸಿಗೊಮ್ಮೆ



ಕಳೆದ ತಿಂಗಳು ಬೀಗರೊಬ್ಬರು ನಮ್ಮ ಮನೆಗೆ ಬಂದಿದ್ದರು. ನಮ್ಮ ತಮ್ಮನ ಮಗ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದ. ಬೀಗರು ಅವನ ಮುಖ ನೋಡದೆ ಅವನ ತಾಯಿಯನ್ನು ಕೇಳಿದರು: "ಊಟಾ ಗೀಟಾ ಮಾಡತಾನೇನ್ರಿ ಈತ?" ಹುಡುಗ ನಕ್ಕು, "ಮಾಡತೀನ್ರಿ ಮಾವಾರ, ಮಾತೂ ಆಡತೀನಿ. ನನ್ನನ್ನೇ ಕೇಳ್ರಿ" ಅಂದ. ಬೀಗರಿಗೆ ನಾಚಿಕೆಯಾಯಿತು. ನಮಗೂ ಆಯಿತು, ಯಾಕೆಂದರೆ ಮೊದಮೊದಲು ನಾವೂ ಹೀಗೆಯೇ ಮಾಡಿದವರು. ಆದ್ದರಿಂದ ಈ ಸಲ ಇದೇ ವಿಷಯ ಬರೆಯುತ್ತಿದ್ದೇವೆ.

2011ರ ಸುಗ್ಗಿಯಲ್ಲಿ ಜತ್ತದ ನಮ್ಮ ವಖಾರಿಯಲ್ಲಿ ಜೋಳದ ಚೀಲಗಳ ಥಪ್ಪಿಯ ಮೇಲಿನಿಂದ ಅವನು ತಲೆಕೆಳಗಾಗಿ ಬಿದ್ದ. ಆಗ ಅವನಿಗೆ 24 ವರ್ಷ. ಮೈಮೇಲೆ ಒಂದು ಗೀರೂ ಇರಲಿಲ್ಲ. "ದೊಡ್ಡಪ್ಪಾ, ನನ್ನ ಕಾಲು ಎಲ್ಲಿ ಅದಾವ ತಿಳಿಯವಲ್ದು" ಅಂದ. ಗಾಬರಿಯಲ್ಲಿ ನಾಲ್ಕು ಜನ ಕೈಕಾಲು ಹಿಡಿದೆತ್ತಿ ಟೆಂಪೋದಲ್ಲಿ ಹಾಕಿದೆವು. ಕುತ್ತಿಗೆಗೆ ಆಧಾರ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಹೀಗೆ ಬಿದ್ದವರನ್ನು ಅಲುಗಾಡಿಸದೆ ಮೊದಲು 108ಕ್ಕೆ ಫೋನು ಮಾಡಬೇಕು. ಎತ್ತಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಿಡಿದು ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ನಮ್ಮ ಅವಸರದಿಂದ ಎಷ್ಟು ಕೆಟ್ಟಿತೋ ಗೊತ್ತಿಲ್ಲ. ಆ ಭಾರ ಇಂದಿಗೂ ನಮ್ಮ ಮೇಲಿದೆ.

ಬೆನ್ನುಹುರಿಯೆಂದರೆ ಮೆದುಳಿನಿಂದ ಇಳಿದುಬಂದ ನರಗಳ ಕಟ್ಟು. ಕುತ್ತಿಗೆಯಲ್ಲಿ ಅದು ಜಜ್ಜಿದರೆ ಕೆಳಗಿನ ಮೈಗೆ ಸುದ್ದಿ ಹೋಗುವುದಿಲ್ಲ, ಅಲ್ಲಿಂದ ಬರುವುದೂ ಇಲ್ಲ. ನಮ್ಮ ಹುಡುಗನಿಗೆ ಭುಜ ಎತ್ತಲು, ಮೊಳಕೈ ಮಡಚಲು ಬರುತ್ತದೆ. ಬೆರಳು, ಕಾಲು ಆಡುವುದಿಲ್ಲ. ಮಲಮೂತ್ರದ ಹಿಡಿತವಿಲ್ಲ. ಬುದ್ಧಿಗೆ ಮಾತ್ರ ಏನೂ ಆಗಿಲ್ಲ.

ಕುಳಿತು ಕುಳಿತು ನೋವಾದರೆ ನಾವು ಸರಿದು ಕೂಡುತ್ತೇವೆ. ಅವನಿಗೆ ಆ ನೋವೇ ತಿಳಿಯದು. ಒಂದೇ ಮಗ್ಗುಲಲ್ಲಿ ಬಿಟ್ಟರೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೊದಲ ಮಳೆಗಾಲದಲ್ಲಿ ಟೊಂಕದ ಕೆಳಗೆ ಹುಣ್ಣಾಗಿ ಎಲುಬು ಕಾಣುವಷ್ಟಾಯಿತು. ಮಾಯಲು ಏಳು ತಿಂಗಳು ಹಿಡಿಯಿತು. ಅಂದಿನಿಂದ ರಾತ್ರಿ ಎರಡು ತಾಸಿಗೊಮ್ಮೆ ಅಲಾರಾಂ ಇಟ್ಟು, ಪಾಳಿಯಂತೆ ಎದ್ದು ಮಗ್ಗುಲು ಬದಲಿಸುತ್ತೇವೆ.

ಈ ಕ್ರಮವನ್ನು ರೂಢಿಗೆ ತಂದವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಡಾ. ಲುಡ್ವಿಗ್ ಗುಟ್‌ಮನ್. ಅವರು 1944ರಲ್ಲಿ ಅಲ್ಲಿಗೆ ಬರುವ ಮುಂಚೆ ಇಂಥ ಸೈನಿಕರು ಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. ಅವರು ಮಗ್ಗುಲು ಬದಲಿಸಿ ಉಳಿಸಿದ್ದಷ್ಟೇ ಅಲ್ಲ, ರೋಗಿಗಳಿಗೆ ಕೆಲಸ ಕೊಟ್ಟರು, ಆಟ ಆಡಿಸಿದರು. 1948ರಲ್ಲಿ ಅಲ್ಲಿ ಆರಂಭವಾದ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. 1965ರ ಯುದ್ಧದಲ್ಲಿ ಗುಂಡು ತಗಲಿದ ನಮ್ಮ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ 1972ರಲ್ಲಿ ಅದೇ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದರು.

ಇನ್ನೊಂದು ಎಚ್ಚರಿಕೆ. ಒಂದು ರಾತ್ರಿ ಹುಡುಗನಿಗೆ ವಿಪರೀತ ತಲೆನೋವು, ಮುಖ ಕೆಂಪು, ಹಣೆತುಂಬ ಬೆವರು. ರಕ್ತದೊತ್ತಡ ಸರ್ರನೆ ಏರಿತ್ತು. ನೋಡಿದರೆ ಮೂತ್ರದ ನಳಿಗೆ ಮೈಕೆಳಗೆ ಮಡಚಿಕೊಂಡಿತ್ತು. ಎಬ್ಬಿಸಿ ಕೂಡಿಸಿ, ನಳಿಗೆ ನೆಟ್ಟಗೆ ಮಾಡಿದ ಮೇಲೆ ಇಳಿಯಿತು. ಕುತ್ತಿಗೆ, ಎದೆಯ ಮೇಲ್ಭಾಗದ ಪೆಟ್ಟಿನವರಿಗೆ ಇದು ಪ್ರಾಣಕ್ಕೆ ಬರುವಂಥದ್ದು. ತಲೆ ಮೇಲೆತ್ತಿ ಕೂಡಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ನಳಿಗೆ ನೋಡಬೇಕು. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹುಣ್ಣಿನ ದಿನಗಳಲ್ಲೇ ಅವನು ಒಮ್ಮೆ, "ದೊಡ್ಡಪ್ಪಾ, ಮಹಾರಾಜರನ್ನ ಕೇಳಿ ನನಗ ಸಲ್ಲೇಖನ ಕೊಡಸ್ರಿ" ಅಂದ. ನಮ್ಮ ಬಾಯಿ ಕಟ್ಟಿತು. ಊರಿಗೆ ಬಂದಿದ್ದ ಮುನಿಗಳ ಬಳಿ ಹೋಗಿ ಹೇಳಿದೆವು. "ಸಾಯುವ ಆಸೆ ಆ ವ್ರತಕ್ಕೇ ಅತಿಚಾರ. ಆತನಿಗೆ ಮನೆಯಲ್ಲಿ ಏನು ಕೆಲಸ ಕೊಟ್ಟಿದ್ದೀರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಕೀರ್ದಿ, ಖಾತೆ ತಂದು ಅವನ ಮುಂದಿಟ್ಟೆವು. ಹಾಳೆ ತಿರುವುವವರು ನಾವು, ಓದುವವನು ಅವನು. ವಾರದೊಳಗೆ ಒಂದು ಉದ್ರಿ ಎರಡು ಕಡೆ ಬಿದ್ದದ್ದನ್ನು ಹಿಡಿದ. 8,400 ರೂಪಾಯಿಯ ತಪ್ಪು, ಬರೆದವರು ನಾವೇ! ಬಹಳ ದಿನಗಳ ಮೇಲೆ ಅವನು ಜೋರಾಗಿ ನಕ್ಕ. ಈಗ ಫೋನಿಗೆ ಬಾಯಿಂದ ಹೇಳಿ ದರ ಕೇಳುತ್ತಾನೆ, ಜಿಎಸ್‌ಟಿ ಲೆಕ್ಕ ನೋಡುತ್ತಾನೆ. ಅಂಗೈಗೆ ಪಟ್ಟಿ ಕಟ್ಟಿ ಪೆನ್ನು ಸಿಕ್ಕಿಸಿದರೆ ಸಹಿ ಮಾಡುತ್ತಾನೆ. ಸಂಜೆಗೆ ದಣಿಯುತ್ತಾನೆ, ಕೆಲವು ದಿನ ಯಾರೊಡನೆಯೂ ಮಾತಾಡುವುದಿಲ್ಲ. ಅದೂ ಇದೆ.

ಅಂಗಡಿಯ ಮೆಟ್ಟಿಲು ತೆಗೆಸಿ ಇಳಿಜಾರು ಕಟ್ಟಿಸಿದೆವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಗಿಡ್ಡ ಮಾಡಿದರೆ ಕುರ್ಚಿ ಜಾರುತ್ತದೆ. ನಮ್ಮ ಬಸದಿಗೆ ಐದು ಮೆಟ್ಟಿಲಿವೆ. ಪರ್ವದ ದಿನ ಅವನನ್ನು ನಾಲ್ಕು ಜನ ಎತ್ತಿ ಒಯ್ಯುತ್ತಾರೆ, ಅದು ಅವನಿಗೆ ಸೇರದು. ಪಂಚರು ಈ ವರ್ಷದ ಜೀರ್ಣೋದ್ಧಾರದಲ್ಲಿ ಇಳಿಜಾರನ್ನೂ ಸೇರಿಸಬೇಕೆಂದು ವಿನಂತಿ. ನಿಮ್ಮ ನಿಮ್ಮ ಊರಲ್ಲೂ ನೋಡಿರಿ. ಇಂಥವರ ಮನೆಗೆ ಹೋದಾಗ ಅವರನ್ನೇ ಮಾತಾಡಿಸಿರಿ. ಒಂದು ರಾತ್ರಿಯ ಪಾಳಿ ನೀವು ಹೊತ್ತರೆ ಆ ತಾಯಿಗೆ ಒಂದು ನಿದ್ದೆ ಸಿಗುತ್ತದೆ.

ಹನ್ನೆರಡರ ಅಲಾರಾಂ ಆಯಿತು. ಈ ಪಾಳಿ ನಮ್ಮದು. ಇಲ್ಲಿಗೆ ಮುಗಿಸುತ್ತೇವೆ.